ಸೂಲಗಿತ್ತಿಗೆ ಕಲಿಸಿದ ಜ್ಞಾನಸ್ನಾನ

ನನ್ನ ಚೊಚ್ಚಲ ಕೂಸು ಗೋಡೆಯ ಆಚೆಗೆ ಇದೆ. ಗೋಡೆ ಎಂದರೆ ನಮ್ಮೂರಿನ ಕ್ರೈಸ್ತರ ಗೋರಿಸ್ಥಾನದ ಗೋಡೆ. ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ಗಾಡಿದಾರಿಯ ಬದಿಯಲ್ಲಿ, ಎದೆಮಟ್ಟದ ಎತ್ತರಕ್ಕೆ, ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದ್ದು. ಕಟ್ಟಿದವರು ನಮ್ಮ ಮನೆಯವರೇ. ಗೌಂಡಿ ಕೆಲಸ ಅವರ ಕಸುಬು. ನಮ್ಮ ಮದುವೆಗೆ ಮುಂಚಿನ ಒಂದು ಬೇಸಿಗೆಯಲ್ಲಿ, ದೇವರ ಸೇವೆ ಎಂದು ಬಿಟ್ಟಿ ದುಡಿದು ಅದನ್ನು ಎಬ್ಬಿಸಿದ್ದರು. ದನಕರು ಒಳಗೆ ಹೋಗಿ ಗೋರಿ ತುಳಿಯಬಾರದು ಎನ್ನುವುದಷ್ಟೇ ಅವರ ಮನಸ್ಸಿನಲ್ಲಿ ಇದ್ದದ್ದು. ಆ ಗೋಡೆ ಮುಂದೆ ಯಾರನ್ನು ಹೊರಗಿಡುತ್ತದೆ ಎಂದು ಕಲ್ಲು ಹೊರುವವರಿಗೆ ಹೇಗೆ ಗೊತ್ತಾಗಬೇಕು?

ಆಗ ಇದೆಲ್ಲ ನಿಜಾಮರ ರಾಜ್ಯ. ಊರಿನಲ್ಲಿ ನಮ್ಮವರ ಮನೆ ಎಂಟು. ಒಂದು ಮಣ್ಣಿನ ಮಾಳಿಗೆಯ ಪ್ರಾರ್ಥನೆಯ ಮನೆ, ಅದನ್ನು ನೋಡಿಕೊಳ್ಳಲು ಒಬ್ಬ ಉಪದೇಶಿ. ಪಾದ್ರಿಗಳು ದೂರದೇಶದವರು, ಎರಡು ತಿಂಗಳಿಗೊಮ್ಮೆ ಬರುವರು; ಹಳ್ಳ ಬಂದರೆ ಮೂರು ತಿಂಗಳಾಗುವುದೂ ಉಂಟು. ಮದುವೆ, ಪಾಪನಿವೇದನೆ, ಕೂಸುಗಳ ತಲೆಗೆ ನೀರೆರೆದು ಕ್ರೈಸ್ತರೊಳಗೆ ಸೇರಿಸುವ ಜ್ಞಾನಸ್ನಾನ ಎಲ್ಲವೂ ಅವರ ದಾರಿ ಕಾಯುತ್ತಿದ್ದವು. ಸಾವೊಂದೇ ಯಾರ ದಾರಿಯನ್ನೂ ಕಾಯುತ್ತಿರಲಿಲ್ಲ. ನನ್ನ ತವರು ಲಿಂಗಸೂಗೂರಿನ ಕಡೆಯದು. ಅಲ್ಲಿ ಸನ್ಯಾಸಿನಿಯರ ಸಾಲೆಯಲ್ಲಿ ನಾಲ್ಕು ಅಕ್ಷರ ಕಲಿತಿದ್ದೆ. ಮದುವೆಯಾಗಿ ಬಂದಾಗ ಇಲ್ಲಿನ ಹೆಂಗಸರು ನನ್ನನ್ನು ‘ಪುಸ್ತಕದಾಕಿ’ ಎಂದು ಚೇಷ್ಟೆ ಮಾಡುತ್ತಿದ್ದರು.

ಆ ಪುಸ್ತಕ ಹೊತ್ತಿಗೆ ಒದಗಲಿಲ್ಲ. ಚೊಚ್ಚಲ ಹೆರಿಗೆಯಲ್ಲಿ ನನಗೆ ಮೈಮೇಲೆ ಎಚ್ಚರವೇ ಇರಲಿಲ್ಲ. ಕೂಸು ಹುಟ್ಟಿ ಎರಡು ಸಲ ಅತ್ತಿತಂತೆ. ಆಮೇಲೆ ಅದರ ತುಟಿ ಕಪ್ಪಾದದ್ದನ್ನು ನೋಡಿ ಅತ್ತೆ ಉಪದೇಶಿಯನ್ನು ಕರೆಯಲು ಓಡಿದರು. ಉಪದೇಶಿ ಕುಷ್ಟಗಿ ಸಂತೆಗೆ ಹೋಗಿದ್ದರು. ಅವರು ಬರುವ ಹೊತ್ತಿಗೆ ಕೂಸು ತಣ್ಣಗಾಗಿತ್ತು. ಜ್ಞಾನಸ್ನಾನವಿಲ್ಲದೆ ಹೋದದ್ದು ಆಶೀರ್ವಾದದ ಮಣ್ಣಿನಲ್ಲಿ ಮಲಗುವ ಹಾಗಿಲ್ಲ ಎಂದು ಅವರು ತಲೆ ತಗ್ಗಿಸಿ ಹೇಳಿದರು. ನಮ್ಮ ಮನೆಯವರು ತಾವೇ ಕಟ್ಟಿದ ಗೋಡೆಯ ಹೊರಗೆ, ಒಂದು ಜಾಲಿಯ ಬುಡದಲ್ಲಿ, ಗುಂಡಿ ತೋಡಿದರು.

ಒಂದೂವರೆ ತಿಂಗಳ ಮೇಲೆ ಪಾದ್ರಿಗಳು ಬಂದರು. ಒಳ್ಳೆಯ ಮನುಷ್ಯ, ನನ್ನ ತಲೆಯ ಮೇಲೆ ಕೈ ಇಟ್ಟು ಕಣ್ಣಲ್ಲಿ ನೀರು ತಂದುಕೊಂಡರು. ಪುಸ್ತಕದ ಕನ್ನಡದಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದರು.

“ಯಾರಾದರೂ ಕೊಡಬಹುದಾಗಿತ್ತು, ಮಗಳೇ. ಪ್ರಾಣಾಪಾಯದಲ್ಲಿ ಪಾದ್ರಿಯೇ ಬೇಕೆಂದಿಲ್ಲ. ಮನೆಯವರು ಕೊಡಬಹುದು. ಅನ್ಯಧರ್ಮದವರೂ ಕೊಡಬಹುದು. ತಲೆಯ ಮೇಲೆ ನೀರು ಹರಿಸಿ ಆ ಮಾತು ಹೇಳಿದರೆ ಸಾಕು. ಯಾರಿಗೂ ತಿಳಿದಿರಲಿಲ್ಲವೇ?”

ಕೂಸು ಈಗ ಎಲ್ಲಿದೆ ಎಂದು ಕೇಳಿದೆ. ಅದಕ್ಕೆ ನರಕದ ನೋವಿಲ್ಲ, ಸ್ವರ್ಗದ ದರ್ಶನವೂ ಇಲ್ಲ, ಅಂಥವು ಬೇರೊಂದು ಕಡೆ ನೆಮ್ಮದಿಯಾಗಿ ಇರುತ್ತವೆ ಎಂದರು. ಆ ಕಡೆಗೆ ತಾಯಂದಿರನ್ನು ಬಿಡುತ್ತಾರೆಯೇ ಎಂದು ಕೇಳಿದೆ. ಪಾದ್ರಿಗಳು ಇಲ್ಲ ಎಂದು ತಲೆ ಅಲ್ಲಾಡಿಸಿದರು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಒಂದು ತಂಬಿಗೆ ನೀರು, ಒಂದು ಸಾಲು ಮಾತು! ಜಪಸರ ಹೇಗೆ ಹಿಡಿಯಬೇಕು, ಶುಕ್ರವಾರ ಯಾಕೆ ಖಂಡ ತಿನ್ನಬಾರದು ಎಂದು ಹತ್ತು ಸಲ ಹೇಳಿದವರು ಇದೊಂದನ್ನು ನಮ್ಮ ಕಿವಿಗೆ ಹಾಕಿರಲಿಲ್ಲ. ಸಾಲೆಯಲ್ಲಿ ಸನ್ಯಾಸಿನಿಯರು ಹೇಳಿದ್ದರೋ ಏನೋ, ನಾನೇ ಮರೆತಿದ್ದೆನೋ ಏನೋ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಹಾಗೆ ಆ ದಿನ ಆ ಮಾತನ್ನು ನಾನು ಬಾಯಿಪಾಠ ಮಾಡಿಕೊಂಡೆ.

ಎರಡು ವರ್ಷ ಕಳೆದು ಮತ್ತೆ ಬಸುರು ನಿಂತಿತು. ಯುದ್ಧದ ದಿನಗಳು. ಚಿಮಣಿ ಎಣ್ಣೆ ಸಿಗುತ್ತಿರಲಿಲ್ಲ, ಸಕ್ಕರೆಯ ಮುಖ ನೋಡಿ ಎಷ್ಟು ದಿನವಾಗಿತ್ತೋ. ಅತ್ತೆ ಹಿಂದಿನ ವರ್ಷವೇ ಜ್ವರದಲ್ಲಿ ತೀರಿಕೊಂಡಿದ್ದರು. ತವರಿನಲ್ಲಿ ತಾಯಿ ಇರಲಿಲ್ಲ. ನನಗೆ ಮಣ್ಣಿನ ಬಯಕೆ ಹತ್ತಿತು. ನಮ್ಮ ಮನೆಯವರು ಗೋಡೆಗೆ ಮಣ್ಣು ಕಲಸಿ ಬಂದರೆ ಅವರ ಅಂಗಿಯ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ಹಿತ್ತಲಗೋಡೆಗೆ ನೀರು ಚಿಮುಕಿಸಿ, ಉಗುರಿನಿಂದ ಕೆರೆದು ತಿನ್ನುತ್ತಿದ್ದೆ. ಅವರು ನೋಡಿಯೂ ನೋಡದಂತೆ ಇದ್ದು, ಒಂದು ದಿನ ಮಾತ್ರ, “ಮನಿ ಬೀಳೂವಷ್ಟು ತಿನ್ನಬ್ಯಾಡ, ಮತ್ತ ನಾನಽ ಕಟ್ಟಬೇಕು” ಎಂದರು. ಆ ಒಂಬತ್ತು ತಿಂಗಳಲ್ಲಿ ಅವರು ಆಡಿದ ತಮಾಷೆ ಅದೊಂದೇ. ಚೊಚ್ಚಲ ಕೂಸು ಹೋದಾಗಿನಿಂದ ಅವರು ಗಾಡಿದಾರಿ ಬಿಟ್ಟು, ಹೊಲಗಳ ಬದುವಿನ ಮೇಲೆ ಸುತ್ತು ಹಾಕಿ ಕೆಲಸಕ್ಕೆ ಹೋಗುತ್ತಿದ್ದರು.

ಬರೆಯಲು ನಾಚಿಕೆಯಾಗುವ ಒಂದು ಮಾತಿದೆ, ಬರೆದುಬಿಡುತ್ತೇನೆ. ಬಸುರಿ ಹೆಂಗಸು ಏನು ಬೇಡಿಕೊಳ್ಳುತ್ತಾಳೆ? ಕೂಸು ಬದುಕಲಿ, ಬಾಳಲಿ ಎಂದು. ನಾನು ಹಾಗೆ ಬೇಡಲಿಲ್ಲ. ಅಷ್ಟನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಆ ಮಾತು ಹೇಳಿ ಮುಗಿಸುವಷ್ಟು ಹೊತ್ತು ಇದಕ್ಕೆ ಉಸಿರು ಕೊಡು ದೇವರೇ, ಮಿಕ್ಕದ್ದು ನಿನ್ನ ಇಚ್ಛೆ ಎಂದು ಬೇಡಿದೆ. ಒಳಗಿನ ಕೂಸಿಗೂ ಅದನ್ನೇ ಹೇಳುತ್ತಿದ್ದೆ. ರೊಟ್ಟಿ ಬಡಿಯುವಾಗ, ಹಳ್ಳದಲ್ಲಿ ವರತೆ ತೋಡಿ ನೀರು ತುಂಬುವಾಗ, ಅದು ಒದ್ದ ಕಡೆ ಕೈ ಇಟ್ಟು, ಸ್ವಲ್ಪ ತಡಿ, ಬಂದ ಕೂಡಲೇ ಹೋಗಬೇಡ, ನನಗೆ ಒಂದು ಮಾತಿನಷ್ಟು ಹೊತ್ತು ಕೊಡು ಎನ್ನುತ್ತಿದ್ದೆ. ಅದು ಜೋರಾಗಿ ಒದೆಯುತ್ತಿತ್ತು. ಬದುಕುವ ಕೂಸಿನ ಹಾಗೆಯೇ ಒದೆಯುತ್ತಿತ್ತು, ಅದೇ ನನಗೆ ಸಂಕಟ.

ಹೆರಿಗೆ ಹೊತ್ತಿಗೆ ನನ್ನ ಹತ್ತಿರ ಯಾರಿರುತ್ತಾರೆ? ಗಂಡಸರು ಒಳಗೆ ಬರುವ ಹಾಗಿಲ್ಲ. ಚೊಚ್ಚಲ ಕೂಸು ಸತ್ತ ಕೋಣೆಗೆ ಕಾಲಿಡಲು ನಮ್ಮ ಎಂಟು ಮನೆಯ ಹೆಂಗಸರೂ ಅಂಜುತ್ತಿದ್ದರು. ಅವರಿಗೆ ತಮ್ಮ ಮಕ್ಕಳ ಚಿಂತೆ. ನಾನೇ ಮಾಡೋಣವೆಂದರೆ ಹಿಂದಿನ ಸಲದ ಹಾಗೆ ಎಚ್ಚರ ತಪ್ಪಿದರೆ ಗತಿ ಏನು? ಕಡೆಗೆ ಉಳಿದವಳು ಊರ ಸೂಲಗಿತ್ತಿ ಒಬ್ಬಳೇ. ಹಣೆ ತುಂಬ ಭಂಡಾರ ಹಚ್ಚಿಕೊಳ್ಳುವ, ಗುಡ್ಡದ ಅವ್ವನಿಗೆ ನಡೆದುಕೊಳ್ಳುವ ಮುದುಕಿ. ಎಲ್ಲರೂ ಅವಳನ್ನು ಆಯಿ ಎಂದೇ ಕರೆಯುತ್ತಿದ್ದರು. ಅನ್ಯಧರ್ಮದವರೂ ಕೊಡಬಹುದು ಎಂದು ಪಾದ್ರಿಗಳೇ ಹೇಳಿದ್ದರಲ್ಲ!

ಏಳನೆಯ ತಿಂಗಳಲ್ಲಿ ಒಂದು ಆಯಿತವಾರ ಅವಳು ಹೊಟ್ಟೆ ನೀವಲು ಬಂದಾಗ ವಿಷಯ ತೆಗೆದೆ.

“ಆಯಿ, ನೀ ನನ್ನ ಸಲುವಾಗಿ ಒಂದು ಮಾತು ಕಲೀಬೇಕು.”

“ಈ ವಯಸ್ಸಿನ್ಯಾಗ ನನಗ್ಯಾವ ಸಾಲಿಗೆ ಹಚ್ಚತಿ ತಂಗಿ?”

ಎಲ್ಲ ಹೇಳಿದೆ. ಗೋಡೆಯ ವಿಷಯವನ್ನೂ ಹೇಳಿದೆ. ಅವಳು ಅಡಿಕೆ ಕಡಿಯುವುದನ್ನು ನಿಲ್ಲಿಸಿ ಕೇಳಿದಳು.

“ನಿಮ್ಮ ದೇವರ ಹೆಸರು ನನ್ನ ಬಾಯಾಗ ಬಂದರ ನಮ್ಮವ್ವ ಸಿಟ್ಟಾಗೂದಿಲ್ಲ?”

“ಕೂಸಿನ ಸಲುವಾಗಿ ಅಂದ್ರ ಯಾವ ಅವ್ವ ಸಿಟ್ಟಾಗತಾಳ ಆಯಿ?”

“ಅದೂ ಖರೇ ಬಿಡು. ಹೇಳು ಮತ್ತ.”

ಅಂದಿನಿಂದ ಆಯಿತವಾರಕ್ಕೊಮ್ಮೆ ಪಾಠ. ಒಂದು ಹೀರೇಕಾಯಿಗೆ ಹಳೆಯ ಬಟ್ಟೆ ಸುತ್ತಿ ಅವಳ ತೊಡೆಯ ಮೇಲೆ ಮಲಗಿಸುತ್ತಿದ್ದೆ. ಅವಳು ತಂಬಿಗೆ ಬಗ್ಗಿಸಿ, ‘ಪಿತನ, ಸುತನ, ಪವಿತ್ರಾತ್ಮನ ಹೆಸರಿನಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ’ ಎನ್ನಬೇಕು. ಮೂರು ಹೆಸರಿಗೆ ಮೂರು ಸಲ ಬಗ್ಗಿಸಬೇಕು. ಮೊದಮೊದಲು ಪ್ರತಿ ಸಲವೂ ಕೊನೆಗೆ “ನೂರು ವರ್ಷ ಬಾಳು ನನ್ನಪ್ಪ” ಎಂದು ತನ್ನದೊಂದು ಸೇರಿಸುತ್ತಿದ್ದಳು. ಅದು ಬೇಡ ಎಂದರೆ, “ಬರೇ ಕೊಟ್ಟರ ಆತೇನು? ಹರಸೂದು ಬ್ಯಾಡ?” ಎಂದು ನನ್ನನ್ನೇ ಗದರುವಳು. ನಾಲ್ಕನೆಯ ವಾರ ಒಂದು ಅಕ್ಷರ ತಪ್ಪದೆ ಹೇಳಿ ಮುಗಿಸಿ, ಹೀರೇಕಾಯಿಯನ್ನು ನನ್ನ ಕೈಗೆ ಕೊಟ್ಟಳು.

“ತಗೋ, ನಿನ್ನ ಕಾಯಿ ಕಿರಿಸ್ತಾನ ಆತು. ಇನ್ನ ಪಲ್ಲೆ ಹೆಂಗ ಮಾಡ್ತಿ ನೋಡೂಣು!”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನನಗೆ ಹಾಗೆ ನಗು ಬಂದು ಮೂರು ವರ್ಷವಾಗಿತ್ತು. ಇದು ಕೈಗೂಡಿತು, ಇನ್ನು ಏನಾದರೂ ಆಗಲಿ ಎಂದುಕೊಂಡೆ.

ಆ ಪಾಠದಲ್ಲಿ ನಾನು ಮಾಡಿದ ತಪ್ಪನ್ನು ಇಲ್ಲಿಯೇ ಹೇಳುತ್ತೇನೆ. ಆಗ ಬಿರುಬೇಸಿಗೆ, ಊರ ಬಾವಿ ತಳ ಕಂಡಿತ್ತು. ಹಳ್ಳದ ವರತೆಯಿಂದ ಒಂದು ಕೊಡ ತರಲು ಅರ್ಧ ದಿನ ಬೇಕು. ಹೀರೇಕಾಯಿಯ ಮೇಲೆ ನೀರು ಚೆಲ್ಲಲು ಮನಸ್ಸು ಒಪ್ಪಲಿಲ್ಲ. ಬರಿದಾದ ತಂಬಿಗೆ ಕೊಟ್ಟು, ಇದರಲ್ಲಿ ನೀರಿದೆ ಎಂದು ತಿಳಿದುಕೋ ಎನ್ನುತ್ತಿದ್ದೆ. ನೀರೇ ಆಗಬೇಕು, ಬೇರೆ ಯಾವುದೂ ನಡೆಯುವುದಿಲ್ಲ ಎಂದು ಒಂದು ಸಲವೂ ಒತ್ತಿ ಹೇಳಲಿಲ್ಲ. ಹೇಳಬೇಕು ಎಂದು ಹೊಳೆಯಲೇ ಇಲ್ಲ.

ದಿನ ತುಂಬಲು ಇನ್ನೂ ಎರಡು ವಾರ ಇರುವಾಗ, ಒಂದು ಮುಂಜಾನೆ ನೋವು ಬಂತು. ಈ ಸಲ ನನಗೆ ಎಚ್ಚರ ತಪ್ಪಲಿಲ್ಲ. ಬಿಸಿಲು ಬಾಗಿಲಿಗೆ ಬರುವ ಹೊತ್ತಿಗೆ ಕೂಸಾಯಿತು. ಗಂಡು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಅಳಲಿಲ್ಲ, ನರಳಿತು. ಆಯಿ ಬಳ್ಳಿ ಬಿಡಿಸಿ, ಬೆನ್ನು ತಟ್ಟಿ, ಬಾಯಿ ಒರೆಸಿ, ನನ್ನ ಕಡೆ ಒಂದು ಸಲ ನೋಡಿದಳು. ಆಮೇಲೆ ನನಗೆ ಬೆನ್ನು ತಿರುಗಿಸಿ ಒಲೆಯ ಹತ್ತಿರ ಕೂತಳು. ಅವಳ ದನಿ ನನಗೆ ಕೇಳಿಸಿತು. ಪಿತನ. ಸುತನ. ಪವಿತ್ರಾತ್ಮನ. ಒಂದೂ ತಪ್ಪಲಿಲ್ಲ, ಹಾರೈಕೆಯನ್ನೂ ಸೇರಿಸಲಿಲ್ಲ. ನನಗಾದ ಸಂತೋಷವನ್ನು ಹೇಗೆ ಹೇಳಲಿ! ಹೆತ್ತ ಸಂತೋಷಕ್ಕಿಂತ ದೊಡ್ಡದು. ಇನ್ನು ಇದು ನನ್ನದು, ಯಾವ ಲೋಕದಲ್ಲೂ ನನ್ನದು ಎಂದುಕೊಂಡು ಅತ್ತುಬಿಟ್ಟೆ.

“ಮಾಡೀನಿ ತಂಗಿ. ಮೂರು ಸಲ ಹಾಕೀನಿ” ಎಂದು ಅವಳು ಕೂಸನ್ನು ತಂದು ನನ್ನ ಎದೆಯ ಮೇಲೆ ಮಲಗಿಸಿದಳು.

ಅದರ ನೆತ್ತಿ ಮುಟ್ಟಿದೆ. ಬೆಚ್ಚಗಿತ್ತು, ಜಿಡ್ಡುಜಿಡ್ಡಾಗಿತ್ತು. ಔಡಲೆಣ್ಣೆಯ ವಾಸನೆ ಮೂಗಿಗೆ ಬಡಿಯಿತು.

“ಆಯಿ, ನೀರು ಹಾಕಿಲ್ಲೇನು?”

“ನೀರು? ಮೈ ನೀಲಿಗಟ್ಟಿದ ಕೂಸಿಗೆ ನೀರು ಹಾಕಿ ಕೊಲ್ಲಲ್ಯಾ? ಎಣ್ಣಿ ಕಾಸಿ ನೆತ್ತಿಗೆ ಹಾಕೀನಿ. ಎಂಥೆಂಥಾ ಕೂಸು ಉಳಿಸಿದ ಎಣ್ಣಿ ಅದು!”

ಎಣ್ಣೆ ನಡೆಯುವುದಿಲ್ಲ ಎಂದು ಅವಳಿಗೆ ಬಿಡಿಸಿ ಹೇಳಲು ಹೊತ್ತಿಲ್ಲ. ಕೂಸು ಇನ್ನೂ ಉಸಿರಾಡುತ್ತಿತ್ತು. ಎಚ್ಚರದಲ್ಲಿ ಇದ್ದೇನಲ್ಲ, ನಾನೇ ಹಾಕುತ್ತೇನೆ, ನೀರು ಕೊಡು ಎಂದೆ. ತಣ್ಣೀರು ಬಿದ್ದರೆ ಇರುವ ಉಸಿರೂ ನಿಲ್ಲುತ್ತದೆ ಎಂದು ಅವಳು ಅಂಜಿಸಿದಳು. ಹಾಗಾದರೆ ಕಾಸಿ ಕೊಡು ಎಂದೆ. ಅವಳು ತಂಬಿಗೆಯನ್ನು ಕೆಂಡದ ಮೇಲಿಟ್ಟಳು.

ನೀರು ಬೆಚ್ಚಗಾಗುವಷ್ಟು ಹೊತ್ತು ಕೂಸು ನನ್ನ ಎದೆಯ ಕಾವಿನಲ್ಲಿ ಇತ್ತು. ಎಣ್ಣೆಯ ಗುಣವೋ ಮೈಯ ಕಾವೋ, ಅದರ ಕೆನ್ನೆಗೆ ಸ್ವಲ್ಪ ಬಣ್ಣ ಬಂತು. ಬೆರಳು ಅಲುಗಿದವು. ಬಾಯಿ ತೆರೆದು, ಮುಖ ಹೊರಳಿಸಿ, ಮೊಲೆ ಹುಡುಕಿತು. ಆಯಿ ತಂಬಿಗೆ ತಂದು ನನ್ನ ಪಕ್ಕದಲ್ಲಿ ಇಟ್ಟು, “ಕುಡೀತೈತಿ ನೋಡು, ಉಳೀತೈತಿ ತಂಗಿ, ಮೊದಲು ಕುಡಸು” ಎಂದಳು. ಒಂಬತ್ತು ತಿಂಗಳಲ್ಲಿ ಮೊಟ್ಟಮೊದಲ ಸಲ, ಇದು ಬದುಕುತ್ತದೆ ಎಂದು ನನಗೆ ಅನ್ನಿಸಿತು. ಬದುಕುವ ಕೂಸಿಗೆ ಅವಸರ ಯಾಕೆ? ಪಾದ್ರಿಗಳು ಬರುತ್ತಾರೆ, ಬಿಳಿ ಬಟ್ಟೆ ಉಡಿಸಿ, ಮೇಣದಬತ್ತಿ ಹಚ್ಚಿ, ನಾಲ್ಕು ಜನರ ಮುಂದೆ ಮಾಡಿಸೋಣ. ಮೊದಲು ಎರಡು ಗುಟುಕು ಹಾಲು ಕುಡಿಯಲಿ. ನಾನು ಕೂಸನ್ನು ಮೊಲೆಗೆ ಹಚ್ಚಿದೆ. ಅದು ಒಂದು ಸಲ ಚೀಪಿತು. ಎರಡನೆಯ ಸಲ ಚೀಪುತ್ತದೆ ಎಂದು ನಾನು ಕಾದೆ.

ಆಯಿ ಬಗ್ಗಿ ಅದರ ಮೂಗಿಗೆ ಬೆರಳು ಹಿಡಿದು ನೋಡಿ, ನನ್ನ ಸೆರಗು ಸರಿಮಾಡಿದಳು.

ಆಗ ನೀರು ಹಾಕಿದೆ. ಮಾತನ್ನೂ ಹೇಳಿದೆ. ಮೂರು ಸಲ ಅಲ್ಲ, ತಂಬಿಗೆ ಬರಿದಾಗುವ ತನಕ ಹಾಕಿದೆ. ಎಣ್ಣೆ ಹಚ್ಚಿದ ತಲೆಯ ಮೇಲೆ ನೀರು ನಿಲ್ಲಲಿಲ್ಲ, ಹನಿಹನಿಯಾಗಿ ಜಾರಿ ನನ್ನ ಕೌದಿಗೆ ಬಿತ್ತು. ಸತ್ತವರಿಗೆ ಜ್ಞಾನಸ್ನಾನವಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹಾಕಿದೆ.

ಉಪದೇಶಿ ಬಂದರು. ನಮ್ಮ ಮನೆಯವರು ಬಾಗಿಲ ಹೊರಗೆ, ಗೋಡೆಗೆ ಒರಗಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ಅವರ ಕಾಲಬೆರಳು ಮಾತ್ರ ನನಗೆ ಕಾಣುತ್ತಿತ್ತು. ಉಪದೇಶಿ ಹೊಸ್ತಿಲ ಆಚೆಯಿಂದಲೇ ಕೇಳಿದರು.

“ನೀರು ಹಾಕಿದ್ರೇನವ್ವಾ?”

“ಹಾಕೀನ್ರಿ.”

“ಮಾತು?”

“ಹೇಳೀನ್ರಿ.”

“ಆವಾಗ ಉಸಿರಿತ್ತು?”

ಆಯಿ ಮೂಲೆಯಲ್ಲಿ ಬಟ್ಟೆ ಹಿಂಡುತ್ತಿದ್ದವಳು ಕೈ ನಿಲ್ಲಿಸಿದಳು. ನಾನು ಆ ಕಾಲಬೆರಳುಗಳನ್ನೇ ನೋಡುತ್ತಿದ್ದೆ. ಕಲ್ಲು ಬಿದ್ದು ಉಗುರು ಕಳೆದುಕೊಂಡ ಬೆರಳುಗಳು, ನೆಲವನ್ನು ಕಚ್ಚಿ ಹಿಡಿದ ಹಾಗೆ ಬಿಗಿಯಾಗಿದ್ದವು.

“ಇತ್ತ್ರಿ” ಎಂದೆ.

ಹೊರಗೆ ನಮ್ಮ ಮನೆಯವರು ಒಮ್ಮೆಗೇ ಗಟ್ಟಿಯಾಗಿ ಅತ್ತರು. ಚೊಚ್ಚಲ ಕೂಸಿಗೂ ಅವರು ಅತ್ತಿರಲಿಲ್ಲ. ಆಮೇಲೆ ಎದ್ದು, ಗುದ್ದಲಿ ಹೆಗಲಿಗೇರಿಸಿ, ಮೂರು ವರ್ಷದಲ್ಲಿ ಮೊದಲ ಸಲ ಗಾಡಿದಾರಿ ಹಿಡಿದು ಹೋದರು. ಗೋಡೆಯ ಒಳಗೆ, ತಮ್ಮ ತಾಯಿಯ ಪಕ್ಕದಲ್ಲಿ ಜಾಗ ಮಾಡಿದರು. ಸಂಜೆ ಬಂದು, ನೆರೆಮನೆಯವರು ತಂದಿಟ್ಟ ಎರಡು ರೊಟ್ಟಿಯನ್ನೂ ತಿಂದು, “ಅವ್ವನ ಹಂತ್ಯಾಕ ಅದಾನ” ಎಂದರು. ಅವರ ಎದುರು ಖರೆ ಹೇಳುವ ದಾರಿ ಅಲ್ಲಿಗೆ ಮುಚ್ಚಿತು.

ಆಯಿ ಹನ್ನೆರಡು ದಿನ ನನಗೆ ನೀರೆರೆದಳು. ನಾನು ಹೇಳಿದ ಸುಳ್ಳಿನ ಮಾತು ಎತ್ತಲಿಲ್ಲ. ಕೊನೆಯ ದಿನ ಹೊರಡುವಾಗ, ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಗಿಲಲ್ಲಿ ನಿಂತು ಕೇಳಿದಳು.

“ತಂಗಿ, ಎಣ್ಣಿಗೆ ನಿಮ್ಮ ದೇವರು ಬರೂದಿಲ್ಲೇನು?”

ಅವಳ ಮೇಲೆ ಸಿಟ್ಟಿರಲಿಲ್ಲ. ಕೂಸು ಸಾಯುವುದನ್ನು ಕಾಯುತ್ತ ಕೂತವಳು ನಾನು. ಅದು ಬದುಕಲಿ ಎಂದು ಎಣ್ಣೆ ಕಾಸಿದವಳು ಅವಳು. ಗೊತ್ತಿಲ್ಲ ಆಯಿ ಎಂದೆ. ಈಗಲೂ ಗೊತ್ತಿಲ್ಲ.

ಮಳೆ ಹಿಡಿಯುವ ಮುಂಚೆ ಪಾದ್ರಿಗಳು ಬಂದರು. ಗೋರಿಯನ್ನು ಆಶೀರ್ವದಿಸಿದರು. ಪೂಜೆಯ ನಡುವೆ ಎಂಟು ಮನೆಯವರ ಎದುರು ನನ್ನನ್ನು ಹೊಗಳಿದರು. ಈ ತಾಯಿ ಅನ್ಯಧರ್ಮದ ಸೂಲಗಿತ್ತಿಗೂ ಆ ಮಾತು ಕಲಿಸಿದ್ದಾಳೆ, ಎಲ್ಲ ತಾಯಂದಿರೂ ಇವಳಿಂದ ಕಲಿಯಬೇಕು ಎಂದರು. ಬಸುರಿಯರಿಬ್ಬರು ಅಂದೇ ನನ್ನ ಬಳಿ ಬಂದು ಕೂತರು. ಅವರಿಗೆ ಕಲಿಸಿದೆ. ನೀರು ತುಂಬಿದ ತಂಬಿಗೆ ಕೊಟ್ಟು ಕಲಿಸಿದೆ. ಬದುಕುವ ಹಾಗೆ ಕಂಡರೂ ನಂಬಬೇಡಿರಿ, ಮೊದಲು ನೀರು, ಆಮೇಲೆ ಹಾಲು ಎಂದು ಅವರ ಕೈ ಹಿಡಿದು ಹೇಳಿದೆ.

ಪೂಜೆಗೆ ಮುಂಚೆ ಪಾಪನಿವೇದನೆ ಆಗಿತ್ತು. ಪರದೆಯ ಆಚೆ ಪಾದ್ರಿಗಳ ಕಿವಿ, ಈಚೆ ನಾನು. ನೆರೆಯವಳ ಜೊತೆ ಆಡಿದ ಜಗಳ ಹೇಳಿದೆ, ತಪ್ಪಿಸಿದ ಪ್ರಾರ್ಥನೆಗಳನ್ನು ಹೇಳಿದೆ. ಇನ್ನೇನಾದರೂ ಇದೆಯೇ ಮಗಳೇ ಎಂದು ಕೇಳಿದರು. ಇಲ್ಲ ಎಂದೆ. ನಮ್ಮ ಮನೆಯವರು ತೀರಿಹೋದ ಮೇಲೂ, ಅವರಿಗಾಗಿ ಮುಚ್ಚಿಡುವ ಕಾರಣ ಮುಗಿದ ಮೇಲೂ, ಪ್ರತಿ ಸಲ ಪರದೆಯ ಮುಂದೆ ಮೊಣಕಾಲೂರಿ ಇಲ್ಲ ಎಂದೇ ಹೇಳುತ್ತ ಬಂದಿದ್ದೇನೆ. ಆಮೇಲೆ ನನ್ನ ಹೊಟ್ಟೆಯಲ್ಲಿ ಯಾವ ಕೂಸೂ ನಿಲ್ಲಲಿಲ್ಲ. ಆ ಎರಡೇ ನನ್ನ ಮಕ್ಕಳು.

ಮುಚ್ಚಿಟ್ಟ ಪಾಪ ಹೊತ್ತು ಸತ್ತರೆ ಏನಾಗುತ್ತದೆ ಎಂದು ನನಗೆ ಗೊತ್ತಿದೆ, ಪುಸ್ತಕದಾಕಿಯಲ್ಲವೇ ನಾನು. ನನಗೆ ಭಯ ಶಿಕ್ಷೆಯದಲ್ಲ, ಕ್ಷಮೆಯದು. ಹೇಳಿದರೆ ಪಾದ್ರಿಗಳು ಕ್ಷಮಿಸಿಬಿಡುತ್ತಾರೆ. ಕ್ಷಮಿಸಿದರೆ ನಾನು ಸ್ವರ್ಗಕ್ಕೆ ಹೋಗಬೇಕಾಗುತ್ತದೆ. ನನ್ನ ಮಕ್ಕಳು ಇಬ್ಬರೂ ಅಲ್ಲಿ ಇಲ್ಲ.